ಹಸು ಏನನ್ನುತ್ತದೆ?

ಎಳೆಯ ಮಗುವಿನ ಕೈಗೆ ಪುಸ್ತಕವನ್ನು ಕೊಟ್ಟರೆ ಅದು ಮೊದಲು ರುಚಿ ನೋಡುತ್ತದೆ, ಅನಂತರ ಹರಿಯುತ್ತದೆ. ಪ್ರಕಾಶಕರು ಈ ಸತ್ಯವನ್ನು ಹಿಂದೆಯೇ ಅರಿತು ದಪ್ಪ ರಟ್ಟಿನ ಹಾಳೆಗಳನ್ನು ಬಳಕೆಗೆ ತಂದರು. ಈಗ ಮಾತು ಅಷ್ಟಕ್ಕೇ ನಿಂತಿಲ್ಲ. ನಗರದ ಅಂಗಡಿಗಳಲ್ಲಿ ದೊರೆಯುವ ಶಿಶುಪುಸ್ತಕಗಳಲ್ಲಿ ಎತ್ತಿ ನೋಡುವ ಮುಚ್ಚಳಗಳುಂಟು, ಬೆರಳು ತೂರಿಸುವ ತೂತುಗಳುಂಟು, ಸವರಿ ನೋಡುವ ತುಪ್ಪಳದ ತುಣುಕುಗಳುಂಟು. ಗುಂಡಿಯನ್ನು ಒತ್ತಿದರೆ ಪುಸ್ತಕವೇ ಹಸುವಾಗಿ ಕೂಗುತ್ತದೆ, ಸಿಂಹವಾಗಿ ಗರ್ಜಿಸುತ್ತದೆ. ಹುಟ್ಟುಹಬ್ಬದ ಉಡುಗೊರೆಗಳಾಗಿ ಇವು ಮನೆಯನ್ನು ತುಂಬುತ್ತಿರುವಾಗ, ಇವುಗಳಿಂದ ಮಗುವಿಗೆ ದೊರೆಯುವುದೇನು ಎಂದು ವಿಚಾರಿಸುವುದು ಅನುಚಿತವಾಗಲಾರದು.

ಪ್ರಾಣಿಗಳ ದನಿಯಿಂದ ಪಾಠವನ್ನು ಆರಂಭಿಸುವ ಕ್ರಮ ಹೊಸದಲ್ಲ. ಮೊರೇವಿಯದಲ್ಲಿ ಹುಟ್ಟಿ, ಧರ್ಮಕಲಹದ ದೆಸೆಯಿಂದ ದೇಶಭ್ರಷ್ಟನಾಗಿ ಅಲೆದ ಕೊಮೆನಿಯಸ್ ಎಂಬ ಶಿಕ್ಷಣತಜ್ಞನ ‘ಆರ್ಬಿಸ್ ಪಿಕ್ಟಸ್’ ಎಂಬ ಚಿತ್ರಪುಸ್ತಕ 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಪ್ರಕಟವಾಯಿತು. ಅದರ ಆರಂಭದಲ್ಲಿಯೇ ಒಂದು ಸಜೀವ ಅಕ್ಷರಮಾಲೆಯಿದೆ. ಕಾಗೆ ‘ಆ ಆ’ ಎನ್ನುತ್ತದೆ, ಕುರಿಮರಿ ‘ಬೇ’ ಎನ್ನುತ್ತದೆ, ಕೋಳಿಮರಿ ‘ಪಿ ಪಿ’ ಎನ್ನುತ್ತದೆ. ‘ಮ’ಕಾರವನ್ನು ಕರಡಿ ಮೊದಲೇ ಹಿಡಿದುಕೊಂಡದ್ದರಿಂದಲೋ ಏನೋ, ಪಾಪ, ಬೆಕ್ಕು ‘ನೌ ನೌ’ ಎನ್ನಬೇಕಾಯಿತು! ಆ ಪುಸ್ತಕಕ್ಕೆ ಗುಂಡಿಯೂ ಇಲ್ಲ, ಮುಚ್ಚಳವೂ ಇಲ್ಲ. ಕೂಗಬೇಕಾದವನು ಓದುವ ಹುಡುಗನೇ.

ಬೆರಳಿಗೂ ಕೆಲಸ ಕೊಟ್ಟ ಪುಸ್ತಕಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಅಮೆರಿಕೆಯ ಡೊರೊತಿ ಕುನ್‌ಹಾರ್ಟ್ ತಮ್ಮ ಪುಟ್ಟ ಮಗಳಿಗಾಗಿ ರಚಿಸಿದ ‘ಪ್ಯಾಟ್ ದ ಬನ್ನಿ’ 1940ರಲ್ಲಿ ಹೊರಬಂದಿತು. ಮೊಲದ ಮೈಯನ್ನು ಸವರಬಹುದು, ತಂದೆಯ ಒರಟು ಗಡ್ಡವನ್ನು ಮುಟ್ಟಬಹುದು, ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು. ಇನ್ನೊಂದು ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ ‘ದ ವೆರಿ ಹಂಗ್ರಿ ಕ್ಯಾಟರ್ಪಿಲ್ಲರ್’. ಕಾಗದಕ್ಕೆ ತೂತು ಹೊಡೆಯುವ ಸಣ್ಣ ಯಂತ್ರವನ್ನು ಆಡಿಸುತ್ತಿದ್ದಾಗ ಆತನಿಗೆ ಇದು ಹೊಳೆಯಿತಂತೆ. ಹಸಿದ ಕಂಬಳಿಹುಳು ಸೋಮವಾರ ಒಂದು ಸೇಬನ್ನು ಕೊರೆಯುತ್ತದೆ. ಮಂಗಳವಾರ ಎರಡು ಪಿಯರ್. ಹೀಗೆ ಏರುತ್ತ ಶುಕ್ರವಾರ ಐದು ಕಿತ್ತಳೆ. ಹಣ್ಣುಗಳಲ್ಲಿ ನಿಜವಾದ ತೂತುಗಳೇ ಇವೆ. ದಿನ ಕಳೆದಂತೆ ಹಾಳೆಯ ಅಗಲವೂ ಹೆಚ್ಚುತ್ತದೆ. ಇಷ್ಟನ್ನು ಕಡಿಮೆ ವೆಚ್ಚದಲ್ಲಿ ಮಾಡಿಕೊಡುವ ಮುದ್ರಣಾಲಯ ಅಮೆರಿಕೆಯಲ್ಲಿ ದೊರೆಯದೆ ಮೊದಲ ಮುದ್ರಣ ಜಪಾನಿನಲ್ಲಿ ಆಯಿತು.

ಇದನ್ನು ನಾನು ಇಷ್ಟು ವಿಸ್ತರಿಸುವುದಕ್ಕೆ ಕಾರಣವಿದೆ. ‘ನಮ್ಮ ಮಗು ಇಪ್ಪತ್ತರವರೆಗೂ ಎಣಿಸುತ್ತದೆ’ ಎಂದು ಹೆಮ್ಮೆಪಡುವ ತಾಯಿತಂದೆಯರು ಮೂರು ಬಿಸ್ಕತ್ತುಗಳನ್ನು ಮುಂದಿಟ್ಟು ‘ಎಷ್ಟು?’ ಎಂದು ಕೇಳಿ ನೋಡಬೇಕು. ಅಂಕಿಗಳನ್ನು ಹಾಡಿನಂತೆ ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು 1978ರ ತಮ್ಮ ಗ್ರಂಥದಲ್ಲಿ ಎಣಿಕೆಯ ಸೂತ್ರಗಳನ್ನು ನಿರೂಪಿಸಿದರು: ವಸ್ತುವೊಂದಕ್ಕೆ ಒಂದೇ ಅಂಕಿ, ಅಂಕಿಗಳ ಕ್ರಮ ತಪ್ಪಕೂಡದು, ಕೊನೆಗೆ ಆಡಿದ ಅಂಕಿಯೇ ಒಟ್ಟು ಮೊತ್ತ. ತೂತಿನಿಂದ ತೂತಿಗೆ ಸರಿಯುವ ಬೆರಳು ಇವುಗಳಲ್ಲಿ ಮೊದಲನೆಯದನ್ನು ತನಗೇ ಅರಿಯದಂತೆ ಅಭ್ಯಾಸ ಮಾಡುತ್ತಿರುತ್ತದೆ. ಅಲ್ಲಿ ಆಟ ಬೇರೆಯಲ್ಲ, ಪಾಠ ಬೇರೆಯಲ್ಲ.

ಎಲ್ಲ ಚಮತ್ಕಾರಗಳೂ ಹೀಗಿರುವುದಿಲ್ಲ. ಜೂಡಿ ಡಿಲೋಶ್ ಮೊದಲಾದವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಎಳೆದೆಬ್ಬಿಸುವ ಚಿತ್ರಗಳುಳ್ಳ ಪುಸ್ತಕಕ್ಕಿಂತ ಸಾದಾ ಪುಸ್ತಕದಿಂದಲೇ ಎಳೆಯ ಮಕ್ಕಳು ಪ್ರಾಣಿಗಳ ವಿಷಯವನ್ನು ಹೆಚ್ಚಾಗಿ ಕಲಿತರು. ಎಳೆಯುವುದರಲ್ಲಿಯೇ ಮನಸ್ಸು ಮುಳುಗಿದರೆ ಎಳೆದದ್ದು ಏನೆಂಬುದನ್ನು ಗಮನಿಸಲು ಅದಕ್ಕೆ ಬಿಡುವೆಲ್ಲಿ?

ಗುಂಡಿಯೊತ್ತುವ ಪುಸ್ತಕದ ಮೇಲೆ ನನಗಿರುವ ಆಕ್ಷೇಪಣೆ ಇನ್ನೂ ಒಂದಿದೆ. ಅದು ಮಗುವಿನ ಬಾಯಿಯ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ‘ಹಸು ಏನನ್ನುತ್ತದೆ?’ ಎಂದು ಅಜ್ಜಿ ಕೇಳಿದಾಗ ಮಗು ತುಟಿ ಕೂಡಿಸಿ ‘ಅಂಬಾ’ ಎನ್ನಬೇಕು, ಅಜ್ಜಿ ನಗಬೇಕು, ಮಗು ಮತ್ತೆ ಕೂಗಬೇಕು. ಯಂತ್ರ ಕೇಳುವುದೂ ಇಲ್ಲ, ಕಾಯುವುದೂ ಇಲ್ಲ. ಇದಲ್ಲದೆ ಅದರೊಳಗಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಪುಸ್ತಕವನ್ನು ಕೊಳ್ಳಲೇಬಾರದು. ನುಂಗಿದ ಸಂಶಯ ಬಂದರೂ ಒಡನೆ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಭಾಷೆಯ ಮಾತು. ಇಂಥ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನವು. ಅಲ್ಲಿ ಹಸು ‘ಮೂ’ ಎನ್ನುತ್ತದೆ, ನಾಯಿ ‘ವೂಫ್’ ಎನ್ನುತ್ತದೆ. ಬೆಂಗಳೂರಿನ ಬೀದಿಯ ಹಸುವಿಗೆ ಇದು ತಿಳಿಯದು! ಹಾಸ್ಯ ಹಾಗಿರಲಿ, ನಮ್ಮ ವೈಯಾಕರಣರು ಅನುಕರಣಾವ್ಯಯವೆಂದು ಹೆಸರಿಟ್ಟ ದನಿಗಳಿಂದ ಕನ್ನಡದಲ್ಲಿ ಕ್ರಿಯಾಪದಗಳೇ ಹುಟ್ಟುತ್ತವೆ. ಹಾವಿನ ‘ಬುಸ್’ ಬುಸುಗುಟ್ಟುವುದಾಗುತ್ತದೆ, ಕಪ್ಪೆಯ ‘ವಟವಟ’ ವಟಗುಟ್ಟುವುದಾಗುತ್ತದೆ, ನಾಯಿಯ ‘ಗುರ್’ ಗುರುಗುಟ್ಟುವುದಾಗುತ್ತದೆ. ‘ಬುಸ್’ ಎಂದು ಹೆದರಿಸಿ ನಗುವ ಮಗು ಮುಂದೆ ಬಳಸಲಿರುವ ಪದದ ಬೇರನ್ನು ಬಾಯಲ್ಲಿ ಹಿಡಿದಿರುತ್ತದೆ. ಇಂಗ್ಲಿಷ್ ಪುಸ್ತಕವನ್ನು ಕೊಂಡದ್ದಾಗಿದ್ದರೆ ಬಿಸಾಡಬೇಕಾಗಿಲ್ಲ. ಬ್ಯಾಟರಿಯನ್ನು ತೆಗೆದು, ಚಿತ್ರಗಳನ್ನು ಇಟ್ಟುಕೊಂಡು, ದನಿಯನ್ನು ನಾವೇ ಕೊಟ್ಟರಾಯಿತು.

ಎಣಿಕೆಗೂ ಇದೇ ಮಾತು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ನಾಯಿಗೂ ಹುಡುಗಿಗೂ ‘ಟೂ’ ಒಂದೇ. ಕನ್ನಡದಲ್ಲಾದರೋ ಎರಡು ನಾಯಿ, ಆದರೆ ಇಬ್ಬರು ಹುಡುಗಿಯರು. ಮೂರು ಬೆಕ್ಕು, ಆದರೆ ಮೂವರು ಅಣ್ಣಂದಿರು. ಪ್ರಾಣಿಗಳ ಚಿತ್ರಗಳಷ್ಟೇ ಇರುವ ಎಣಿಕೆಯ ಪುಸ್ತಕದಲ್ಲಿ ಈ ಭೇದ ಬರುವುದೇ ಇಲ್ಲ. ಆದ್ದರಿಂದ ಕೊನೆಯ ಪುಟ ಮುಗಿದ ಮೇಲೆ ಮಗುವಿನ ಬೆರಳನ್ನು ಹಿಡಿದು ಊಟಕ್ಕೆ ಕುಳಿತವರ ಕಡೆಗೆ ತಿರುಗಿಸಬಹುದು: ಒಬ್ಬರು ತಾತ, ಇಬ್ಬರು ಅತ್ತೆಯರು, ಬಾಗಿಲಲ್ಲಿ ಕಾದಿರುವ ಒಂದು ನಾಯಿ.