ತೇಲ್ಯಾ ಚುಕ್ಕಿಯಿಂದ ಕರುಳಿನವರೆಗೆ: ಸೊಲ್ಲಾಪುರದ ದಾಳಿಂಬೆ

ಮಳೆಗಾಲದಲ್ಲಿ ದಾಳಿಂಬೆಯ ಎಲೆಯನ್ನು ಬೆಳಕಿಗೆ ಹಿಡಿದಾಗ ಎಣ್ಣೆ ಜಿನುಗಿದಂಥ ಸಣ್ಣ ಚುಕ್ಕಿಯೊಂದು ಕಂಡರೆ ಸಾಕು, ಸೊಲ್ಲಾಪುರ ಸೀಮೆಯ ರೈತನ ನಿದ್ದೆ ಹಾರಿಹೋಗುತ್ತದೆ. ಅಲ್ಲಿನವರು ಇದನ್ನು ತೇಲ್ಯಾ ಅನ್ನುತ್ತಾರೆ. ಗಡಿಯ ಈಚೆ ವಿಜಯಪುರ, ಬಾಗಲಕೋಟೆಗಳಲ್ಲಿ ದುಂಡಾಣು ಅಂಗಮಾರಿ ಎಂಬ ಹೆಸರು ಬಳಕೆಯಲ್ಲಿದೆ. ಕೆಲವೇ ದಿನಗಳಲ್ಲಿ ಚುಕ್ಕಿ ಕಪ್ಪಾಗುತ್ತದೆ, ರೆಂಬೆಗೆ ಇಳಿಯುತ್ತದೆ, ಕಾಯಿಗೆ ಏರುತ್ತದೆ. ಕಾಯಿಯ ಸಿಪ್ಪೆ ಚುಕ್ಕಿಯ ಜಾಗದಲ್ಲೇ ಅಡ್ಡಾದಿಡ್ಡಿ ಬಿರಿಯುತ್ತದೆ. ಬಿರಿದ ಕಾಯಿಯನ್ನು ಅಡತಿಯವರು ಮುಟ್ಟುವುದಿಲ್ಲ. ಸಾಂಗೋಲಾ, ಪಂಢರಪುರ, ಮಂಗಳವೇಢೆ, ಅಕ್ಕಲಕೋಟೆಯಂಥ ತಾಲ್ಲೂಕುಗಳಲ್ಲಿ ವರ್ಷದ ಮಳೆ 550 ಮಿಲಿಮೀಟರಿನ ಆಸುಪಾಸು. ಇಷ್ಟು ಕಡಿಮೆ ನೀರಿನಲ್ಲಿ ಕೈತುಂಬ ಕಾಸು ಕೊಡುವ ಬೆಳೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಒಂದು ಹಂಗಾಮು ಕೈತಪ್ಪಿದರೆ ಆ ಮನೆಯ ಸಾಲ, ಮದುವೆ, ಮಕ್ಕಳ ಓದು ಎಲ್ಲಕ್ಕೂ ಏಟು ಬೀಳುತ್ತದೆ.

ಈ ರೋಗದ ಬ್ಯಾಕ್ಟೀರಿಯಾ ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. ಹಲವು ದಶಕ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. 2000ದ ನಂತರದ ವರ್ಷಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ತೋಟಗಳಲ್ಲಿ ಅದು ಪಿಡುಗಾಗಿ ಎದ್ದಿತು. ದಾಳಿಂಬೆಯನ್ನು ಬೀಜದಿಂದಲ್ಲ, ಗೂಟಿ ಕಟ್ಟಿ, ಅಂದರೆ ತಾಯಿಗಿಡದ ರೆಂಬೆಗೇ ಬೇರು ಬರಿಸಿ ಬೆಳೆಸುತ್ತಾರೆ. ತಾಯಿಗಿಡದಲ್ಲಿ ಅಡಗಿದ್ದ ರೋಗ ಗೂಟಿಯ ಜೊತೆಗೇ ಹೊಸ ತೋಟಕ್ಕೆ ಬರುತ್ತದೆ. ಅದರ ಮೇಲೆ, ಎಲ್ಲೆಲ್ಲೂ ಒಂದೇ ತಳಿ, ಭಗ್ವಾ. ಕೆಂಪು ಸಿಪ್ಪೆ, ಮೆತ್ತನೆ ಬೀಜ, ದೂರದ ಪೇಟೆಗೂ ಕೆಡದೆ ತಲುಪುವ ಗುಣ ಅದಕ್ಕಿದೆ. ತೇಲ್ಯಾ ತಡೆಯುವ ಶಕ್ತಿ ಮಾತ್ರ ಇಲ್ಲ. ಒಂದೇ ವಂಶವಾಹಿ ಹೊತ್ತ ಲಕ್ಷಾಂತರ ಗಿಡಗಳಲ್ಲಿ ಒಂದನ್ನು ಸೋಲಿಸಲು ಕಲಿತ ಬ್ಯಾಕ್ಟೀರಿಯಾ ಎಲ್ಲವನ್ನೂ ಸೋಲಿಸಬಲ್ಲದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವನ್ನು 2005ರಲ್ಲಿ ಸೊಲ್ಲಾಪುರದ ಕೇಗಾವದಲ್ಲಿ ತೆರೆದದ್ದು ಈ ಸಂಕಟದ ದಿನಗಳಲ್ಲೇ.

ಎಲೆಯೊಳಗೆ ನಡೆಯುವುದೇನು? ಗಿಡ ಉಸಿರಾಡುವ ಪತ್ರರಂಧ್ರಗಳಿಂದಲೋ, ಮುಳ್ಳು ತರಚಿದ ಗಾಯದಿಂದಲೋ ಮಳೆಹನಿಯ ಜೊತೆ ಝಾಂತೊಮೊನಾಸ್ ಕುಲದ ಈ ಬ್ಯಾಕ್ಟೀರಿಯಾ ಒಳಸೇರುತ್ತದೆ. ಗಿಡದ ಜೀವಕೋಶಕ್ಕೆ ಪರಕೀಯರನ್ನು ಗುರುತಿಸುವ ಗ್ರಾಹಕಗಳಿವೆ. ಗುರುತು ಹತ್ತಿದ ಕೂಡಲೇ ಅದು ತನ್ನ ಕೋಶಭಿತ್ತಿಗೆ ಕ್ಯಾಲೋಸ್ ಎಂಬ ಸಕ್ಕರೆ ಸರಪಳಿಯನ್ನು ಒತ್ತೊತ್ತಾಗಿ ಮೆತ್ತಿ ದಾರಿ ಮುಚ್ಚಲು ನೋಡುತ್ತದೆ. ಬ್ಯಾಕ್ಟೀರಿಯಾದ ಮೈಮೇಲೆ ಸೂಜಿಯಾಕಾರದ ಟೊಳ್ಳು ಕೊಳವೆಯೊಂದು ಇರುತ್ತದೆ. ಅದರ ಮೂಲಕ ತನ್ನ ಕೆಲವು ಪ್ರೋಟೀನುಗಳನ್ನು ಅದು ನೇರವಾಗಿ ಗಿಡದ ಕೋಶದೊಳಕ್ಕೆ ಚುಚ್ಚುತ್ತದೆ. ದಾಳಿಂಬೆಯ ಬ್ಯಾಕ್ಟೀರಿಯಾದಲ್ಲಿ ಇಂಥ ಆರು ಪ್ರೋಟೀನುಗಳನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಅವುಗಳಲ್ಲಿ ಝಾಪ್-ಎನ್ ಎಂಬುದರ ಜೀನನ್ನು ಅಳಿಸಿ ನೋಡಿದರು. ಆ ಒಂದು ಜೀನ್ ಕಳೆದುಕೊಂಡ ಬ್ಯಾಕ್ಟೀರಿಯಾ ಎಲೆಯಲ್ಲಿ ಮೊದಲಿನಂತೆ ವೃದ್ಧಿಯಾಗಲಿಲ್ಲ, ಚುಕ್ಕಿಗಳು ಕಡಿಮೆಯಾದವು, ಗಿಡದ ಕ್ಯಾಲೋಸ್ ಗೋಡೆ ಗಟ್ಟಿಯಾಗಿ ಎದ್ದಿತು. ಅಂದರೆ ಗಿಡಕ್ಕೆ ಹೋರಾಡುವ ಶಕ್ತಿ ಇದ್ದೇ ಇತ್ತು, ಅದನ್ನು ಅಡಗಿಸುತ್ತಿದ್ದದ್ದು ಹೊರಗಿನಿಂದ ಬಂದ ಒಂದು ಪ್ರೋಟೀನು. 2013ರ ಈ ಪ್ರಯೋಗ ನಮ್ಮ ದಾಳಿಂಬೆ ಬೆಳೆಗಾರರಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇದೇ ಕುಲದ, ಭತ್ತ ಮತ್ತು ದೊಣ್ಣೆಮೆಣಸಿನಕಾಯಿಗೆ ತಗಲುವ ಬ್ಯಾಕ್ಟೀರಿಯಾಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅವು ಚುಚ್ಚುವ ಟಾಲ್ ಎಂಬ ಪ್ರೋಟೀನು ಗಿಡದ ಕೋಶಕೇಂದ್ರಕ್ಕೇ ಹೊಕ್ಕು, ಡಿಎನ್‌ಎಯ ಗೊತ್ತಾದ ಒಂದು ಜಾಗದಲ್ಲಿ ಕೂತು, ತನಗೆ ಅನುಕೂಲವಾದ ಜೀನನ್ನು ಚಾಲೂ ಮಾಡುತ್ತದೆ. ಆ ಜಾಗವನ್ನು ಅದು ಓದುವ ಬಗೆಯನ್ನು 2009ರಲ್ಲಿ ಎರಡು ತಂಡಗಳು ಏಕಕಾಲಕ್ಕೆ ಬಿಡಿಸಿದವು. ಜಪಮಾಲೆಯ ಮಣಿಗಳಂತೆ ಸಾಲಾಗಿ ಪೋಣಿಸಿದ ತುಣುಕುಗಳು, ಪ್ರತಿ ತುಣುಕಿನಲ್ಲಿ ಸುಮಾರು 34 ಅಮೈನೋ ಆಮ್ಲಗಳು. ಅವುಗಳಲ್ಲಿ ಎರಡು ಮಾತ್ರ ಬದಲಾಗುತ್ತವೆ, ಆ ಎರಡೇ ಡಿಎನ್‌ಎಯ ಒಂದು ಅಕ್ಷರವನ್ನು ಗುರುತು ಹಿಡಿಯುತ್ತವೆ. ತುಣುಕುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಕೊನೆಗೆ ಡಿಎನ್‌ಎ ಕತ್ತರಿಸುವ ಕಿಣ್ವವೊಂದನ್ನು ಸೇರಿಸಿದರೆ, ಯಾವ ಜೀನನ್ನಾದರೂ ನಿಖರವಾಗಿ ಕತ್ತರಿಸಬಹುದು. ಟಾಲೆನ್ ಎಂಬ ಉಪಕರಣ ಹುಟ್ಟಿದ್ದು ಹೀಗೆ. 2015ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಬೇರಾವ ಮದ್ದಿಗೂ ಬಗ್ಗದ ರಕ್ತಕ್ಯಾನ್ಸರಿನ ಹಸುಗೂಸೊಂದಕ್ಕೆ, ಟಾಲೆನ್‌ನಿಂದ ತಿದ್ದಿದ ರಕ್ಷಕಕೋಶಗಳನ್ನು ಕೊಟ್ಟು ಬದುಕಿಸಿದರು. ತೋಟಗಳನ್ನು ಹಾಳು ಮಾಡುವ ಕುಲದಿಂದಲೇ ಆ ಮಗುವಿಗೆ ಮದ್ದು ಸಿಕ್ಕಿತು.

ಹಾಗಾದರೆ ದಾಳಿಂಬೆಯನ್ನೇ ತಿದ್ದಬಾರದೇ? ನಿಂಬೆ ಜಾತಿಯ ಗಿಡಗಳಿಗೆ ಕಜ್ಜಿರೋಗ ತರುವ ಬ್ಯಾಕ್ಟೀರಿಯಾ ನಮ್ಮ ತೇಲ್ಯಾಕ್ಕೆ ಬಲು ಹತ್ತಿರದ ಬಂಧು. ಅದು ಬಳಸಿಕೊಳ್ಳುವ ಗಿಡದ ಜೀನನ್ನು 2017ರಲ್ಲಿ ಜೀನ್ ತಿದ್ದುವ ಇನ್ನೊಂದು ಉಪಕರಣವಾದ ಕ್ರಿಸ್ಪರ್‌ನಿಂದ ತಿದ್ದಿ, ಕಜ್ಜಿಗೆ ಮಣಿಯದ ಗಿಡ ಪಡೆದರು. ದಾಳಿಂಬೆಯ ಎಂಟು ಜೋಡಿ ಕ್ರೋಮೋಸೋಮುಗಳ ಅಕ್ಷರಮಾಲೆಯನ್ನು ಚೀನಾದ ತಂಡಗಳು 2017ರಿಂದ ಪ್ರಕಟಿಸುತ್ತ ಬಂದಿವೆ, ಭಗ್ವಾ ತಳಿಯದ್ದನ್ನು ಸೊಲ್ಲಾಪುರದ ಕೇಂದ್ರವೇ ಜೋಡಿಸಿದೆ. ಹೊರಗಿನ ಡಿಎನ್‌ಎ ಉಳಿಯದಂತೆ ತಿದ್ದಿದ ಗಿಡಗಳಿಗೆ ಭಾರತ ಸರ್ಕಾರ 2022ರಲ್ಲಿ ನಿಯಮ ಸಡಿಲಿಸಿದೆ. ಅಡ್ಡಿ ಇರುವುದು ಬೇರೆ ಕಡೆ: ತಿದ್ದಿದ ಒಂದು ಜೀವಕೋಶದಿಂದ ಪೂರ್ತಿ ದಾಳಿಂಬೆ ಗಿಡವನ್ನು ಎಬ್ಬಿಸುವುದು ಬಹಳ ಕಷ್ಟ. 2019ರಲ್ಲಿ ದಾಳಿಂಬೆಯಲ್ಲಿ ಕ್ರಿಸ್ಪರ್ ಕೆಲಸ ಮಾಡಿದ್ದು ಗಾಜಿನ ತಟ್ಟೆಯಲ್ಲಿ ಬೆಳೆದ ಬೇರುಗಳಲ್ಲಿ. ಸದ್ಯಕ್ಕೆ ರೈತನ ಕೈಯಲ್ಲಿರುವುದು ರೋಗವಿಲ್ಲದ ಸಸಿ, ರೋಗದ ರೆಂಬೆ ಕತ್ತರಿಸಿ ಸುಡುವುದು, ಗಿಡಕ್ಕೆ ಕೆಲ ತಿಂಗಳ ವಿಶ್ರಾಂತಿ, ಮಳೆಯ ಮೃಗ ಬಹಾರ ಎಂಬ ಹೂಬಿಡುವ ಹಂಗಾಮು ಬಿಟ್ಟು ಒಣಹವೆಯ ಹಸ್ತ ಬಹಾರ ಹಿಡಿಯುವುದು.

ಇನ್ನು ಹಣ್ಣಿನ ಮಾತು. ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆ ಎಂದು ಬಾಣಂತಿಗೆ, ನಿತ್ರಾಣದವರಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಗಣೇಶ ತಳಿಯ 100 ಗ್ರಾಂ ಕಾಳಿನಲ್ಲಿ ಕಬ್ಬಿಣ ಸುಮಾರು 3 ಮಿಲಿಗ್ರಾಂ. ಸೊಲ್ಲಾಪುರದ ಕೇಂದ್ರ 2017ರಲ್ಲಿ ಬಿಡುಗಡೆ ಮಾಡಿದ ಸೊಲಾಪುರ ಲಾಲ್ ತಳಿಯಲ್ಲಿ ಅದು 5.6ರಿಂದ 6.1 ಮಿಲಿಗ್ರಾಂ. ನಮ್ಮ ದೇಶದ ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕೆಂದು ಹೇಳಿರುವುದು 29 ಮಿಲಿಗ್ರಾಂ, ಅದರಲ್ಲೂ ಸಸ್ಯಮೂಲದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ರಕ್ತಹೀನತೆಯ ಗರ್ಭಿಣಿಗೆ ಕಬ್ಬಿಣದ ಮಾತ್ರೆ ಬಿಡಿಸಿ ದಾಳಿಂಬೆ ಮಾತ್ರ ಕೊಡುವುದು ಸರಿಯಲ್ಲ, ಇದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಹಣ್ಣಿನ ನಿಜವಾದ ವಿಶೇಷ ಇರುವುದು ನಾವು ಬಿಸಾಡುವ ಸಿಪ್ಪೆಯಲ್ಲಿ ಮತ್ತು ಕಾಳಿನ ನಡುವಿನ ಒಗರು ಪೊರೆಯಲ್ಲಿ. ಅಲ್ಲಿ ಪ್ಯೂನಿಕಲಾಜಿನ್ ಎಂಬ ದೊಡ್ಡ ಅಣು ಹೇರಳವಾಗಿದೆ. ಬರೀ ಕಾಳು ಹಿಂಡಿದ ರಸದಲ್ಲಿ ಅದು ಸ್ವಲ್ಪ, ಇಡೀ ಹಣ್ಣನ್ನು ಒತ್ತಿ ತೆಗೆದ ರಸದಲ್ಲಿ ಹೆಚ್ಚು. ಈ ಅಣು ನೇರವಾಗಿ ರಕ್ತಕ್ಕೆ ಸೇರದು. ಅದು ಒಡೆದು ಎಲ್ಲಾಜಿಕ್ ಆಮ್ಲವಾಗುತ್ತದೆ, ಅದನ್ನು ಕರುಳಿನ ಗೋರ್ಡೋನಿಬ್ಯಾಕ್ಟರ್ ಮೊದಲಾದ ಬ್ಯಾಕ್ಟೀರಿಯಾಗಳು ಹಂತಹಂತವಾಗಿ ಕಿರಿದುಗೊಳಿಸಿ ಯುರೊಲಿಥಿನ್ ಎ ಎಂಬ ಪುಟ್ಟ ಅಣು ಮಾಡುತ್ತವೆ. ಅದು ರಕ್ತದಲ್ಲಿ ಹರಿದು ಸ್ನಾಯುವಿನ ಕೋಶಗಳನ್ನು ತಲುಪುತ್ತದೆ.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳು ಕಾಲ ಕಳೆದಂತೆ ಕೆಡುತ್ತವೆ. ಆರೋಗ್ಯವಂತ ಮೈಟೋಕಾಂಡ್ರಿಯಾ ತನ್ನ ಹೊರಪೊರೆಯ ಮೇಲೆ ಪಿಂಕ್-1 ಎಂಬ ಪ್ರೋಟೀನು ಸೇರಲು ಬಿಡದೆ ಒಳಗೆಳೆದು ಕರಗಿಸುತ್ತದೆ. ಕೆಟ್ಟದ್ದಕ್ಕೆ ಆ ಶಕ್ತಿ ಇರದು, ಪಿಂಕ್-1 ಮೇಲೆಯೇ ಜಮಾಯಿಸುತ್ತದೆ. ಅದು ಪಾರ್ಕಿನ್ ಎಂಬ ಇನ್ನೊಂದನ್ನು ಕರೆತರುತ್ತದೆ, ಪಾರ್ಕಿನ್ ಆ ಕೆಟ್ಟ ಮೈಟೋಕಾಂಡ್ರಿಯಾದ ಮೈತುಂಬ ಗುರುತು ಹಚ್ಚುತ್ತದೆ. ಆಮೇಲೆ ಜೋಡಿಪೊರೆಯ ಚೀಲವೊಂದು ಸುತ್ತಿಕೊಂಡು ಅದನ್ನು ಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಒಯ್ದು ಜೀರ್ಣಿಸುತ್ತದೆ. ಇದಕ್ಕೆ ಮೈಟೋಫೇಜಿ ಎನ್ನುತ್ತಾರೆ. ಕೋಶ ತನ್ನನ್ನೇ ಹೀಗೆ ಅರಗಿಸಿಕೊಳ್ಳುವ ಬಗೆಯನ್ನು ಯೀಸ್ಟಿನಲ್ಲಿ ಬಿಡಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಂತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಂಡ ಯುರೊಲಿಥಿನ್ ಎ ಈ ಮೈಟೋಫೇಜಿಯನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿತು. ಈ ಅಣುವನ್ನು ಉಂಡ ಸಣ್ಣ ಹುಳುಗಳ ಆಯುಷ್ಯ ಶೇ. 45ರಷ್ಟು ಹೆಚ್ಚಿತು, ಇಲಿಗಳು ಶೇ. 42ರಷ್ಟು ಹೆಚ್ಚು ಓಡಿದವು. ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ಜೊತೆ 2019ರಲ್ಲಿ ಇನ್ನೊಂದು ಗುಣ ಕಂಡಿತು: ಕರುಳಿನ ಗೋಡೆಯ ಕೋಶಗಳನ್ನು ಒಂದಕ್ಕೊಂದು ಬಿಗಿಯುವ ಪ್ರೋಟೀನುಗಳನ್ನು ಈ ಅಣು ಹೆಚ್ಚಿಸುತ್ತದೆ, ಇಲಿಗಳ ಕರುಳಿನ ಉರಿಯೂತ ತಗ್ಗಿಸುತ್ತದೆ.

ಮನುಷ್ಯರ ಮೇಲಿನ ಫಲಿತಾಂಶ ಇಷ್ಟು ಭರ್ಜರಿಯಾಗಿಲ್ಲ. 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವೃದ್ಧರ ಸ್ನಾಯುಗಳು ದಣಿಯುವ ಮುನ್ನ ಹೆಚ್ಚು ಬಾರಿ ಕೆಲಸ ಮಾಡಿದವು, ಆದರೆ ಆರು ನಿಮಿಷದ ನಡಿಗೆಯಲ್ಲಿ ಸುಳ್ಳುಮಾತ್ರೆ ನುಂಗಿದವರಿಗಿಂತ ಗಣನೀಯ ಮೇಲುಗೈ ಕಾಣಲಿಲ್ಲ. ಅವರು ತಿಂದದ್ದು ಹಣ್ಣನ್ನೂ ಅಲ್ಲ, ಶುದ್ಧ ಯುರೊಲಿಥಿನ್ನನ್ನು. ದಾಳಿಂಬೆ ರಸ ಕುಡಿಸಿ ನೋಡಿದ ಇನ್ನೊಂದು ಅಧ್ಯಯನದಲ್ಲಿ ಸುಮಾರು ಶೇ. 40 ಜನರ ಮೈಯಲ್ಲಷ್ಟೇ ಈ ಅಣು ಎದ್ದುಕಾಣುವಷ್ಟು ತಯಾರಾಯಿತು. ಉಳಿದವರ ಕರುಳಿನಲ್ಲಿ ಆ ಕೆಲಸದ ಬ್ಯಾಕ್ಟೀರಿಯಾ ಇರಲಿಲ್ಲ, ಇಲ್ಲವೇ ಸಾಲದಾಗಿತ್ತು. ಕರುಳಿನ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದರಲ್ಲಿ ದಿನದ ಊಟಕ್ಕೆ ದೊಡ್ಡ ಪಾಲಿದೆ. ಬಿಳಿಜೋಳದ ಭಾಕರಿ, ಶೇಂಗಾ ಚಟ್ನಿ, ಬೇಳೆ, ಸೊಪ್ಪು ಉಂಡು ಬೆಳೆದ ಅಕ್ಕಲಕೋಟೆಯ ಕರುಳು ಈ ಅಧ್ಯಯನಗಳಲ್ಲಿದ್ದ ಪಾಶ್ಚಾತ್ಯರ ಕರುಳಿನಂತೆಯೇ ನಡೆದುಕೊಳ್ಳುತ್ತದೆ ಎಂದು ಊಹಿಸಿಕೊಳ್ಳಲು ಕಾರಣವಿಲ್ಲ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಇಲ್ಲಿದೆ, ಅದನ್ನು ಕಾಯುವ ಸಂಶೋಧನಾ ಕೇಂದ್ರ ಇಲ್ಲಿದೆ, ಕೋಶವಿಜ್ಞಾನದ ಪ್ರಯೋಗಾಲಯಗಳು ಬೆಂಗಳೂರಿನಲ್ಲೂ ಪುಣೆಯಲ್ಲೂ ಇವೆ. ಈ ಸೀಮೆಯ ಊರುಗಳಲ್ಲಿ ಒಂದಷ್ಟು ಜನರಿಗೆ ಇಡೀ ಹಣ್ಣಿನ ರಸ ಕುಡಿಸಿ, ಮೂತ್ರದಲ್ಲಿ ಯುರೊಲಿಥಿನ್ ಎಷ್ಟು ಬರುತ್ತದೆ ಎಂದು ಅಳೆಯುವುದು ದುಬಾರಿ ಕೆಲಸವಲ್ಲ. ಇಲ್ಲಿನ ಕಾಲೇಜುಗಳಲ್ಲಿ ಜೀವರಸಾಯನ ಓದುವ ಹುಡುಗ ಹುಡುಗಿಯರು ಕೈಹಾಕಬಹುದಾದ ಪ್ರಶ್ನೆ ಇದು.