ಸೀಸನ್ ದುಡ್ಡನ್ನು ಲೆಕ್ಕಕ್ಕೇ ಹಿಡಿಯಲಿಲ್ಲ

ನಮ್ಮ ಕಡೆ ಬಡ್ಡಿಯನ್ನು ಯಾರೂ ಪರ್ಸೆಂಟ್‌ನಲ್ಲಿ ಹೇಳುವುದಿಲ್ಲ. ‘ನೂರಕ್ಕೆ ಮೂರು ರೂಪಾಯಿ’ ಅನ್ನುತ್ತಾರೆ. ಕೇಳಲು ಎಷ್ಟು ಹಗುರ! ಮೂರು ರೂಪಾಯಿಗೆ ಒಂದು ಚಾಕಲೇಟ್ ಬರಬಹುದು ಅಷ್ಟೇ. ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಗುಣಿಸಿದರೆ ನೂರಕ್ಕೆ 36. ಬಿ.ಕಾಂ. ಮುಗಿಸಿದ್ದ ನನಗೆ ಈ ಗುಣಾಕಾರ ಗೊತ್ತಿತ್ತು. ಆದರೆ ನಮ್ಮ ಮನೆಯ ಸಾಲದ ಮುಂದೆ ಅದನ್ನು ಬರೆದು ನೋಡಿದಾಗ ಆದ ಸಂಕಟವೇ ಬೇರೆ.

ನನ್ನ ತವರು ಕಂಪ್ಲಿ, ಗಂಡನ ಊರು ಸಂಡೂರು. ಇಬ್ಬರೂ ಹೊಸಪೇಟೆಯಲ್ಲಿ, ಅನಂತಶಯನಗುಡಿ ಕಡೆ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೇವೆ. ಇವರು ಹಂಪಿಗೆ ಆಟೊ ಓಡಿಸುತ್ತಾರೆ. ನಾನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯಾದದ್ದು 2020ರ ಫೆಬ್ರುವರಿಯಲ್ಲಿ. ಆಮೇಲೆ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಮಾರ್ಚ್ 17ರಿಂದ ದೇಶದ ಸಂರಕ್ಷಿತ ಸ್ಮಾರಕಗಳನ್ನೆಲ್ಲ ಪುರಾತತ್ವ ಸರ್ವೇಕ್ಷಣ ಇಲಾಖೆ ಮುಚ್ಚಿತು. ಹಂಪಿಗೆ ಜನ ಬರದಿದ್ದರೆ ಆಟೊ ಏನು, ಎಳನೀರು ಗಾಡಿಯೂ ನಡೆಯುವುದಿಲ್ಲ. ಮರುವರ್ಷ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ ಬಾಗಿಲು ಹಾಕಿತು. ಅದೇ ನಡುವೆ ಅತ್ತೆಗೆ ಆಪರೇಷನ್.

2021ರ ಜುಲೈ ಮೊದಲ ಭಾನುವಾರ ಒಂದು ಉದ್ದ ನೋಟ್‌ಬುಕ್ ತಂದು ಎಲ್ಲ ಸಾಲ ಬರೆದೆವು. ಆಟೊ ಸಾಲ 23 ಕಂತು ಬಾಕಿ, ತಿಂಗಳಿಗೆ 6,400ರಂತೆ 1,47,200. ಆಪರೇಷನ್‌ಗೆ ತಂದ ಕೈಸಾಲ 80,000, ಅದೇ ಮೂರು ರೂಪಾಯಿ ಬಡ್ಡಿಯದ್ದು. ಬ್ಯಾಂಕಿನಲ್ಲಿ ನನ್ನ ಸರ ಅಡ ಇಟ್ಟದ್ದು 60,000. ಸಂಘದ್ದು 30,000. ಕಿರಾಣಿ ಅಂಗಡಿಯ ಉದ್ರಿ 11,000. ಒಟ್ಟು 3,28,200. ಅಲ್ಲಿಯವರೆಗೆ ಇಬ್ಬರೂ ‘ಒಂದೆರಡು ಲಕ್ಷ ಇರಬಹುದು’ ಎಂದುಕೊಂಡಿದ್ದೆವು.

ಆಟೊ ಸಾಲದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಕೆಲಸ ಸಿಕ್ಕ ಕೂಡಲೇ ಬೈಕ್ ಕೊಳ್ಳುವವರಿಗೆ ಇದು ಬೇಕಾಗುತ್ತದೆ. ಇವರು 2019ರಲ್ಲಿ ತೆಗೆದುಕೊಂಡದ್ದು 1,70,000. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್ ‘ಫ್ಲ್ಯಾಟ್’. ಅಂದರೆ ಮೂರು ವರ್ಷಕ್ಕೆ 61,200 ಬಡ್ಡಿಯನ್ನು ಮೊದಲೇ ಕೂಡಿಸಿ 36 ಭಾಗ ಮಾಡುವುದು. ನೀವು ಕಂತು ಕಟ್ಟುತ್ತಾ ಹೋದ ಹಾಗೆ ಅಸಲು ಇಳಿಯುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಅಸಲಿನ ಮೇಲೇ ನಿಂತಿರುತ್ತದೆ. ಇಳಿಯುವ ಅಸಲಿನ ಲೆಕ್ಕದಲ್ಲಿ ಹಾಕಿದರೆ ಈ 12 ನಿಜವಾಗಿ 21ರ ಆಸುಪಾಸಿಗೆ ಬರುತ್ತದೆ. ಬ್ಯಾಂಕಿನ 12 ಮತ್ತು ಇವರ 12 ಒಂದೇ ಅಲ್ಲ. ಇನ್ನು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತಲ್ಲ, ಅದನ್ನು ಸ್ಟ್ಯಾಂಡಿನಲ್ಲಿ ಎಷ್ಟೋ ಜನ ಮಾಫಿ ಎಂದೇ ನಂಬಿದ್ದರು. ಕಂತು ನಿಂತರೂ ಬಡ್ಡಿ ನಿಂತಿರಲಿಲ್ಲ. ನಮ್ಮ 23 ಕಂತುಗಳಲ್ಲಿ ಎರಡು ಹೀಗೆ ಸೇರಿಕೊಂಡವು.

ಇನ್ನು ಆದಾಯ. ನನ್ನ ಸಂಬಳ ಆಗ 9,000. ಇವರದ್ದು ಎಷ್ಟು ಅಂತ ಬರೆಯುವುದೇ ಕಷ್ಟವಾಯಿತು. ಹಂಪಿಯ ಸೀಸನ್ ಅಕ್ಟೋಬರ್‌ನಿಂದ ಫೆಬ್ರುವರಿ. ಡಿಸೆಂಬರ್ ಕೊನೆಯ ವಾರದಲ್ಲಿ ಇಂಧನ ಕಳೆದು ದಿನಕ್ಕೆ ಎರಡು ಸಾವಿರ ಉಳಿದದ್ದೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಹಂಚಾದಾಗ ಮಧ್ಯಾಹ್ನ ವಿರೂಪಾಕ್ಷ ಗುಡಿ ಮುಂದೆ ಆಟೊಗಳು ಸಾಲಾಗಿ ನಿಂತಿರುತ್ತವೆ, ಹತ್ತುವವರು ಇರುವುದಿಲ್ಲ. ಆ ತಿಂಗಳುಗಳಲ್ಲಿ 8,000 ಉಳಿದರೆ ಹೆಚ್ಚು. ‘ಸರಾಸರಿ ಹಾಕೋಣ’ ಅಂದರು ಇವರು.

ಅದಕ್ಕೆ ಅಡ್ಡ ಬಂದವರು ಮಾವ. ಮಾವ ಮಾತು ಕಡಿಮೆ. ಅದಿರಿನ ಕಾಲದಲ್ಲಿ ಸಾಲ ಮಾಡಿ ಒಂದು ಲಾರಿ ಇಟ್ಟಿದ್ದರು. ಆಗ ಸಂಡೂರಿನಲ್ಲಿ ಯಾರು ಇಟ್ಟಿರಲಿಲ್ಲ ಹೇಳಿ? ಬಂದರಿಗೆ ಟ್ರಿಪ್ ಮೇಲೆ ಟ್ರಿಪ್, ಆ ದುಡಿಮೆ ನೋಡಿ ಕಂತು ಕಟ್ಟಿಸಿಕೊಂಡಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ರಸ್ತೆ ಬದಿಯಲ್ಲಿ ನಿಂತವು, ಕಂತು ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಸಾಲ ಕೊಟ್ಟವರು ಬಂದು ಲಾರಿ ಒಯ್ದರು. ‘ಸೀಸನ್ ದುಡ್ಡು ನಿಮ್ದಲ್ಲ ಅಂತ ತಿಳ್ಕೊಂಡು ಬರೀರಿ. ಬಂದ್ರ ಬಂತು’ ಅಂದರು ಮಾವ. ನೋಟ್‌ಬುಕ್ಕಿನಲ್ಲಿ ಇವರ ಆದಾಯ 8,000 ಎಂದೇ ಬರೆದೆವು, ಡಿಸೆಂಬರ್‌ಗೂ ಅಷ್ಟೇ.

17,000 ರೂಪಾಯಿಯಲ್ಲಿ ಬಾಡಿಗೆ 3,000 (ಕರೆಂಟು ಸೇರಿ), ಊಟಕ್ಕೆ 4,000, ಸಂಡೂರಿಗೆ 1,000, ಆಟೊ ಕಂತು 6,400, ಕೈಸಾಲದ ಬಡ್ಡಿ 2,400, ಸಂಘಕ್ಕೆ 1,500. ಕೂಡಿಸಿದರೆ 18,300! ಮಾತ್ರೆ, ಮೊಬೈಲ್ ರೀಚಾರ್ಜ್ ಇನ್ನೂ ಹೊರಗೇ ಇವೆ. ಸಾಲಕ್ಕೇ ಆದಾಯದ ನೂರಕ್ಕೆ 60 ಹೋಗುತ್ತಿತ್ತು. (ಆಮೇಲೆ, 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಮೈಕ್ರೊಫೈನಾನ್ಸ್ ಸಾಲ ಕೊಡುವಾಗ ಕುಟುಂಬದ ಎಲ್ಲ ಕಂತುಗಳು ಸೇರಿ ಆದಾಯದ ಅರ್ಧ ಮೀರಬಾರದು. ನಾವು ಆ ಗೆರೆ ಎಂದೋ ದಾಟಿದ್ದೆವು.) ಚಹಾ ಕಡಿಮೆ ಮಾಡಿ, ತರಕಾರಿ ಕಡಿಮೆ ಮಾಡಿ ಅಂತ ಎಷ್ಟು ಉಪದೇಶ ಮಾಡಿದರೂ ಈ ಲೆಕ್ಕ ಕೂಡುವಂತಿರಲಿಲ್ಲ. ಬಜೆಟ್ ಅಂದರೆ ಬರೀ ಹೊಟ್ಟೆ ಕಟ್ಟುವುದು ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕೂಡಿಸಬೇಕಾದರೆ ಮೂರು ರೂಪಾಯಿ ಬಡ್ಡಿಯನ್ನು ಮೊದಲು ಮನೆಯಿಂದ ಹೊರಗೆ ಹಾಕಬೇಕಿತ್ತು. ನನ್ನ ಕೈಯಲ್ಲಿ ಎರಡೂವರೆ ತೊಲದ ಎರಡು ಬಳೆ ಇದ್ದವು. ಬ್ಯಾಂಕಿನ ಬಂಗಾರದ ಸಾಲಕ್ಕೆ ವರ್ಷಕ್ಕೆ 9 ಪರ್ಸೆಂಟ್. ಅದೇ 80,000ಕ್ಕೆ ತಿಂಗಳಿಗೆ 2,400 ಕೊಡುವ ಬದಲು 600. ಲೆಕ್ಕದ ಪ್ರಕಾರ ಐದು ನಿಮಿಷದ ಕೆಲಸ. ಮನೆಯಲ್ಲಿ ಹದಿನೈದು ದಿನ ಹಿಡಿಯಿತು.

ಅತ್ತೆ ಅತ್ತೇಬಿಟ್ಟರು. ‘ನನ್ನ ಸಲುವಾಗಿ ಕೈ ಬೋಳು ಮಾಡ್ಕೊಂಡು ಓಡಾಡ್ತೀ ಏನವಾ? ನಿಮ್ಮ ಅಪ್ಪಗ ಏನಂತ ಮುಖ ತೋರಿಸ್ಲಿ?’ ಇವರು ಎರಡು ದಿನ ಮಾತೇ ಆಡಲಿಲ್ಲ. ಸರ ಆಗಲೇ ಹೋಗಿತ್ತು, ಬಳೆಯನ್ನೂ ಕೇಳುವ ಗಂಡ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ನಾನು ನೋಟ್‌ಬುಕ್ ತೆರೆದು ಬಡ್ಡಿಯ ಎರಡು ಸಾಲು ತೋರಿಸಿದೆ. ತಿಂಗಳಿಗೆ 1,800 ಉಳಿದರೆ ವರ್ಷಕ್ಕೆ 21,600. ‘ಬಳೆ ಬ್ಯಾಂಕಿನಾಗ ಇರ್ತಾವ್ರೀ. ಈ ದುಡ್ಡು ಹೋದ್ರ ಹೋದಂಗ’ ಅಂದೆ. ಮೂರನೇ ದಿನ ಅವರೇ ಆಟೊದಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋದರು. ಊರ ಜಾತ್ರೆಗೆ ನಾನು ಗಾಜಿನ ಬಳೆಯಲ್ಲೇ ಹೋದೆ. ನೋಡುವವರು ನೋಡಿದರು, ಆಡುವವರು ಆಡಿದರು.

ಹೊಸ ಲೆಕ್ಕ ಹೀಗಿತ್ತು: ಊಟಕ್ಕೆ 3,600 (ಕಂಪ್ಲಿಯಿಂದ ಅಪ್ಪ ಕಳಿಸುವ ಅಕ್ಕಿಯ ಪುಣ್ಯ), ಎರಡೂ ಬಂಗಾರದ ಬಡ್ಡಿಗೆ ತೆಗೆದಿಡುವುದು 1,050, ಉಳಿದದ್ದೆಲ್ಲ ಹಾಗೇ. ಒಟ್ಟು 16,550. ಕೈಯಲ್ಲಿ ಉಳಿದದ್ದು 450.

ದಿನಗೂಲಿ, ದಿನದ ಬಾಡಿಗೆ ದುಡಿಯುವವರಿಗೆ ತಿಂಗಳ ಬಜೆಟ್ ನಡೆಯುವುದಿಲ್ಲ. ಸಂಜೆ ಜೇಬಲ್ಲಿದ್ದದ್ದು ಬೆಳಗ್ಗೆ ಇರುವುದಿಲ್ಲ. ಅದಕ್ಕೇ ದಿನಕ್ಕೆ 220 ಕಂತಿನ ದುಡ್ಡು ಎಂದು ಮಾಡಿಕೊಂಡೆವು. ಮನೆಗೆ ಬಂದ ಕೂಡಲೇ ಅದು ನನ್ನ ಕೈಗೆ, ಆಮೇಲೆ ಚಹಾ. ಭಾನುವಾರ ಎಣಿಸಿ ಸೋಮವಾರ ಒಂದು ಖಾತೆಗೆ ಹಾಕುತ್ತಿದ್ದೆ. ಆ ಖಾತೆಗೆ ಫೋನ್‌ಪೇ ಜೋಡಿಸಲಿಲ್ಲ, ಎಟಿಎಂ ಕಾರ್ಡೂ ತೆಗೆದುಕೊಳ್ಳಲಿಲ್ಲ. ದುಡ್ಡು ತೆಗೆಯಬೇಕಾದರೆ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಅಷ್ಟು ಸೋಮಾರಿತನ ನಮ್ಮಿಬ್ಬರಿಗೂ ಇತ್ತು, ಒಳ್ಳೆಯದೇ ಆಯಿತು.

ಅಕ್ಟೋಬರ್‌ನಲ್ಲಿ ದಸರಾ ರಜೆಗೆ ಜನ ಬಂದರು. ಮೊದಲ ಹೆಚ್ಚುವರಿ ದುಡ್ಡು ಯಾವುದಕ್ಕೆ ಎಂಬ ಪ್ರಶ್ನೆ ಬಂತು. ಬಡ್ಡಿ ಜಾಸ್ತಿ ಇದ್ದದ್ದಕ್ಕೆ ಮೊದಲು ಎನ್ನುವುದು ಪುಸ್ತಕದ ಮಾತು. ನಾವು ಬಡ್ಡಿಯೇ ಇಲ್ಲದ ಉದ್ರಿಯನ್ನು ತೀರಿಸಿದೆವು. ಉದ್ರಿ ಇರುವವರೆಗೆ ಆ ಅಂಗಡಿ ಬಿಟ್ಟು ಬೇರೆ ಕಡೆ ಕಾಲಿಡುವಂತಿಲ್ಲ, ಅವರು ಹೇಳಿದ್ದೇ ರೇಟು. ತೀರಿಸಿದ ಮೇಲೆ ಮಾರ್ಕೆಟ್‌ನಲ್ಲಿ ನಾಲ್ಕು ಕಡೆ ಕೇಳಿ ಎಣ್ಣೆ, ಬೇಳೆ ತಂದಾಗ ತಿಂಗಳಿಗೆ ಮುನ್ನೂರರಷ್ಟು ಉಳಿಯಿತು. ಅದೂ ಬಡ್ಡಿಯೇ ಅಲ್ಲವೇ?

2022ರ ಜನವರಿಯಲ್ಲಿ ಮತ್ತೆ ವಾರಾಂತ್ಯದ ಕರ್ಫ್ಯೂ. ಸೀಸನ್‌ನ ನಡುಮಧ್ಯೆ ಶನಿವಾರ, ಭಾನುವಾರ ಆಟೊ ಮನೆ ಮುಂದೆ. ಸ್ಟ್ಯಾಂಡಿನಲ್ಲಿ ಕೆಲವರು ಹೊಸ ಕೈಸಾಲ ತಂದರು. ನಮ್ಮ ನೋಟ್‌ಬುಕ್ ಪ್ರಕಾರ ಇವರ ದುಡಿಮೆ ಎಂಟೇ ಸಾವಿರ ಇದ್ದದ್ದರಿಂದ ನಮಗೆ ಕಂತು ತಪ್ಪಲಿಲ್ಲ. ಫೆಬ್ರುವರಿಯಲ್ಲಿ ಸಂಘದ ಸಾಲ ಮುಗಿಸಿದೆವು.

ಎಲ್ಲ ಖರ್ಚೂ ಕೆಟ್ಟದ್ದಲ್ಲ. ಆ ವರ್ಷ ನವೆಂಬರ್‌ನಲ್ಲಿ ಇವರ ಫೋನಿನ ಸ್ಕ್ರೀನ್ ಪೂರ್ತಿ ಹೋಯಿತು. ಹೊಸದು 9,500. ಬೆಂಗಳೂರಿನಿಂದ, ಹೈದರಾಬಾದಿನಿಂದ ಬರುವವರು ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಇಡೀ ದಿನಕ್ಕೆ ಆಟೊ ಹಿಡಿಯುತ್ತಾರೆ. ಆನೆಗೊಂದಿ, ಅಂಜನಾದ್ರಿ ಸೇರಿಸಿದರೆ ಬಾಡಿಗೆ ಇನ್ನೂ ಹೆಚ್ಚು. ಕೊಂಡೆವು, ಎರಡೇ ತಿಂಗಳಲ್ಲಿ ಹುಟ್ಟಿತು. ನಾನೂ ಸಂಜೆ ಎರಡು ಅಂಗಡಿಗಳ ಜಿಎಸ್‌ಟಿ ಬಿಲ್ ಎಂಟ್ರಿ ಮಾಡಲು ಶುರು ಮಾಡಿದೆ, ತಿಂಗಳಿಗೆ 2,000. ಟ್ಯಾಲಿ ಕಲಿತದ್ದು ಕಾಲೇಜಿನಲ್ಲಲ್ಲ, ಈ ಸಾಲದ ಕಾಲದಲ್ಲಿ.

ಕಳೆದುಕೊಂಡದ್ದನ್ನೂ ಹೇಳಿಬಿಡುತ್ತೇನೆ. ‘ಏನವಾ, ಇನ್ನೂ ವಿಶೇಷ ಇಲ್ಲೇನು?’ ಎಂದು ಕೇಳದ ನೆಂಟರಿಲ್ಲ. ಸಾಲ ತೀರುವವರೆಗೆ ಮಗು ಬೇಡವೆಂದು ನಿರ್ಧರಿಸಿದ್ದು ನಾವಿಬ್ಬರೇ. ಮೂರು ವರ್ಷ ಆ ಪ್ರಶ್ನೆಗೆ ನಕ್ಕು ನಕ್ಕು ಸಾಕಾಗಿತ್ತು. ಕೆಲವು ರಾತ್ರಿ ಆ ನೋಟ್‌ಬುಕ್ಕನ್ನು ಕಾಲುವೆಗೆ ಎಸೆದು ಬರಬೇಕು ಅನ್ನಿಸಿದ್ದೂ ನಿಜ.

2023ರ ಫೆಬ್ರುವರಿಯಲ್ಲಿ ಸರ ಬಿಡಿಸಿದೆವು. ಮೇ ತಿಂಗಳಲ್ಲಿ ಆಟೊ ಸಾಲದ ಕೊನೆಯ ಕಂತು. ಸಾಲ ಕೊಟ್ಟವರಿಂದ ಎನ್ಒಸಿ ತಂದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಸಾಲದ ನಮೂದು ತೆಗೆಸಲು ಇವರು ಒಂದು ದಿನದ ದುಡಿಮೆ ಬಿಟ್ಟರು. ಬಹಳ ಜನ ಇದನ್ನು ಮಾಡಿಸುವುದೇ ಇಲ್ಲ, ಮಾರುವಾಗ ಪರದಾಡುತ್ತಾರೆ. ಕ್ರೆಡಿಟ್ ವರದಿಯನ್ನೂ ತೆಗೆಸಿ ನೋಡಿದೆವು. ವರ್ಷಕ್ಕೊಮ್ಮೆ ಅದು ಉಚಿತ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ತಮ್ಮನಿಗೂ ತೆಗೆಸಲು ಹೇಳಿದೆ. ಬ್ಯಾಂಕ್ ನೇಮಕಾತಿಯ ಅಧಿಸೂಚನೆಗಳಲ್ಲೂ ಸಾಲ ಮರುಪಾವತಿಯ ದಾಖಲೆಯ ಷರತ್ತು ಇರುತ್ತದೆ ಎಂದು ಅವನೇ ತೋರಿಸಿದ.

ಜೂನ್ 11ರಿಂದ ಶಕ್ತಿ ಯೋಜನೆ ಬಂದು ಕಂಪ್ಲಿಗೆ, ಸಂಡೂರಿಗೆ ಬಸ್ ಚಾರ್ಜ್ ಉಳಿಯಿತು. ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಯ ಖಾತೆಗೆ ಬಂದ ದಿನ ಅವರೇ ಫೋನ್ ಮಾಡಿ, ‘ಇನ್ನ ಸಾವಿರ ಕಳಸಬ್ಯಾಡ, ಬಳಿಗೆ ಕಟ್ಟು’ ಅಂದರು. ಡಿಸೆಂಬರ್‌ನಲ್ಲಿ ಬಳೆ ಬಿಡಿಸಿದೆವು. ಮೂವತ್ತು ತಿಂಗಳು. ಬ್ಯಾಂಕಿನಿಂದ ಹೊರಗೆ ಬಂದು ನಾನು ಹಾಕಿಕೊಳ್ಳಲಿಲ್ಲ, ಸಂಡೂರಿಗೆ ಹೋಗಿ ಅತ್ತೆಯ ಕೈಯಿಂದಲೇ ಹಾಕಿಸಿಕೊಂಡೆ.

ದಿನದ 220 ಮಾತ್ರ ನಿಲ್ಲಿಸಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಆ ಖಾತೆಯಲ್ಲಿ 40 ಸಾವಿರದ ಮೇಲಿತ್ತು. ನೀರು ಹರಿದು ಹೋಗುವುದನ್ನು ನೋಡುತ್ತಾ ಕಂಪ್ಲಿಯ ರೈತರೆಲ್ಲ ಕೈ ಹೊತ್ತು ಕೂತಿದ್ದರು. ಕನ್ನಯ್ಯ ನಾಯ್ಡು ಅವರ ತಂಡ ಒಂದು ವಾರದಲ್ಲಿ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿತು. ಆ ವಾರವೇ ಅಪ್ಪ ನಾಟಿಯ ಕೂಲಿಗೆ ಕೈಸಾಲ ಕೇಳಲು ಹೊರಟಿದ್ದ. ಇವರೇ ಕಂಪ್ಲಿಗೆ ಹೋಗಿ 18,000 ಕೊಟ್ಟು ಬಂದರು.

ಸುಗ್ಗಿ ಮುಗಿದ ಮೇಲೆ ಅಪ್ಪ ದುಡ್ಡು ಎಣಿಸಿಟ್ಟು, ‘ಬಡ್ಡಿ ಎಷ್ಟಪಾ?’ ಎಂದು ಅಳಿಯನನ್ನು ಕೇಳಿದ. ಇವರು ಏನೂ ಹೇಳದೆ ಆಟೊದಲ್ಲಿದ್ದ ಅಕ್ಕಿ ಚೀಲ ಇಳಿಸಿ ಒಳಗಿಟ್ಟರು.