ಪರದೆಯ ಬಣ್ಣ, ಕಾಗದದ ಬಣ್ಣ: ಫೋಟೋ ಪ್ರಿಂಟರ್ ಬಳಸುವ ವರ್ತಕರು ಗಮನಿಸಬೇಕಾದ ಸಂಗತಿಗಳು

ಲೆಕ್ಕಪತ್ರಗಳನ್ನು ಪರಿಶೋಧಿಸುವಾಗ ಕೆಲವು ಖಾತೆಗಳು ತಾವಾಗಿಯೇ ಗಮನ ಸೆಳೆಯುತ್ತವೆ. ಇಳಕಲ್ ಸೀರೆಗಳ ಸಗಟು ವ್ಯಾಪಾರ ಮಾಡುವ ನನ್ನ ಕಕ್ಷಿದಾರರೊಬ್ಬರ ಪುಸ್ತಕಗಳಲ್ಲಿ ಒಂದು ವರ್ಷ ‘ಮುದ್ರಣ ಮತ್ತು ಲೇಖನ ಸಾಮಗ್ರಿ’ ಖಾತೆಯ ಮೊತ್ತ ಹಿಂದಿನ ವರ್ಷದ ಎರಡರಷ್ಟಾಗಿತ್ತು. ಅದೇ ವರ್ಷ ‘ಮಾರಾಟ ವಾಪಸಾತಿ’ ಖಾತೆಯೂ ಏರಿತ್ತು. ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದ ಈ ಎರಡು ಖಾತೆಗಳ ಏರಿಕೆಗೆ ಕಾರಣ ಒಂದೇ ಎಂಬುದು ವಿಚಾರಿಸಿದ ಮೇಲೆ ತಿಳಿಯಿತು.

ಸದರಿ ವರ್ತಕರು ಹೊಸ ಸೀರೆಗಳ ಛಾಯಾಚಿತ್ರಗಳನ್ನು ತಮ್ಮ ಅಂಗಡಿಯಲ್ಲಿಯೇ ಫೋಟೋ ಪ್ರಿಂಟರಿನಲ್ಲಿ ಮುದ್ರಿಸಿ, ಆಲ್ಬಂ ಮಾಡಿ ಮಹಾರಾಷ್ಟ್ರದ ಖರೀದಿದಾರರಿಗೆ ಕಳುಹಿಸುತ್ತಿದ್ದರು. ಆಲ್ಬಂ ನೋಡಿ ಬೇಡಿಕೆ ಸಲ್ಲಿಸಿದವರು ಗಂಟು ಬಿಚ್ಚಿದಾಗ ಬಣ್ಣ ಬೇರೆಯಾಗಿತ್ತು. ದಾಳಿಂಬೆ ಕೆಂಪಿನ ಸೀರೆ ಆಲ್ಬಂನಲ್ಲಿ ನೇರಳೆ ಬೆರೆತ ರಾಣಿ ಬಣ್ಣವಾಗಿ ಕಾಣುತ್ತಿತ್ತು. ಮಾಲು ಹಿಂತಿರುಗಿ ಬಂದಿತು. “ಸರ್, ಪ್ರಿಂಟರ್ ಕೆಟ್ಟೈತ್ರಿ, ಹೊಸಾದು ತಗೋಬೇಕ್ರಿ” ಎಂದು ಅವರು ಬಂಡವಾಳ ವೆಚ್ಚದ ಬಗ್ಗೆ ನನ್ನ ಸಲಹೆ ಕೇಳಿದರು.

ಗಣಕಯಂತ್ರ ನನ್ನ ವೃತ್ತಿವಿಷಯವಲ್ಲ. ಆದರೂ ಬಲ್ಲ ತಂತ್ರಜ್ಞರೊಬ್ಬರೊಡನೆ ಅರ್ಧ ದಿನ ಕುಳಿತು ಪರಿಶೀಲಿಸಿದಾಗ ಪ್ರಿಂಟರ್ ಸುಸ್ಥಿತಿಯಲ್ಲಿಯೇ ಇರುವುದು ಕಂಡುಬಂದಿತು. ಬಣ್ಣದ ತಿದ್ದುಪಡಿ ಮಾತ್ರ ಎರಡು ಬಾರಿ ನಡೆಯುತ್ತಿತ್ತು. ಒಂದೇ ವೋಚರನ್ನು ಇಬ್ಬರು ಗುಮಾಸ್ತರು ತಿಳಿಯದೆ ಎರಡು ಸಲ ನಮೂದಿಸಿದಂತೆ ಇದು. ಚಿತ್ರಗಳನ್ನು ಸ್ವತಃ ಮುದ್ರಿಸುವ ವರ್ತಕ ಬಾಂಧವರಿಗೂ, ಲೇಬಲ್ ಮತ್ತು ಪೊಟ್ಟಣಗಳ ನಮೂನೆ ತೆಗೆಯುವ ಸಣ್ಣ ಉದ್ಯಮಿಗಳಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಬಣ್ಣ ಏಕೆ ವ್ಯತ್ಯಾಸವಾಗುತ್ತದೆ?

ಗಣಕಯಂತ್ರದ ಪರದೆ ಬೆಳಕಿನಿಂದ ಬಣ್ಣವನ್ನು ತೋರಿಸುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು ಸೇರಿದರೆ ಬಿಳಿಯಾಗುತ್ತದೆ. ಪ್ರಿಂಟರ್ ಇದಕ್ಕೆ ವಿರುದ್ಧವಾಗಿ ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು ಇಂಕುಗಳನ್ನು ಬಿಳಿಯ ಕಾಗದದ ಮೇಲೆ ಸಿಂಪಡಿಸಿ, ಕಾಗದದಿಂದ ಮರಳುವ ಬೆಳಕನ್ನು ಕಡಿಮೆ ಮಾಡುವ ಮೂಲಕ ಬಣ್ಣವನ್ನು ಉಂಟುಮಾಡುತ್ತದೆ. ಆದ್ದರಿಂದ ಪರದೆಯಲ್ಲಿ ಕಾಣುವ ಕೆಲವು ಉಜ್ವಲ ಬಣ್ಣಗಳನ್ನು ಯಾವ ಇಂಕಿನಿಂದಲೂ ಕಾಗದದ ಮೇಲೆ ತರಲಾಗದು. ಜರಿಯ ಹೊಳಪಂತೂ ಮುದ್ರಣಕ್ಕೆ ದಕ್ಕುವುದೇ ಇಲ್ಲ.

ಈ ಎರಡು ಭಾಷೆಗಳ ನಡುವೆ ದುಭಾಷಿಯಂತೆ ಕೆಲಸ ಮಾಡುವುದು ‘ಪ್ರೊಫೈಲ್’ ಎಂಬ ಚಿಕ್ಕ ಕಡತ. ಇದರ ಸ್ವರೂಪವನ್ನು ನಿಗದಿಪಡಿಸುವ ಅಂತಾರಾಷ್ಟ್ರೀಯ ಬಣ್ಣ ಒಕ್ಕೂಟ, ಅಂದರೆ ಐ.ಸಿ.ಸಿ., 1993ರಲ್ಲಿ ಸ್ಥಾಪನೆಯಾಯಿತು. ಸಾಮಾನ್ಯ ಪರದೆ ಹಾಗೂ ಕ್ಯಾಮೆರಾಗಳು ಬಳಸುವ ‘ಎಸ್‌ಆರ್‌ಜಿಬಿ’ ಎಂಬ ಬಣ್ಣದ ಮಾನಕವನ್ನು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಸೂಚಿಸಿದವು. 1999ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಪ್ರಿಂಟರಿನ ಪ್ರೊಫೈಲ್ ಒಂದು ನಿರ್ದಿಷ್ಟ ಪ್ರಿಂಟರ್, ಒಂದು ನಿರ್ದಿಷ್ಟ ಇಂಕು ಮತ್ತು ಒಂದು ನಿರ್ದಿಷ್ಟ ಕಾಗದಕ್ಕೆ ಮಾತ್ರ ಅನ್ವಯಿಸುತ್ತದೆ. ಇವುಗಳಲ್ಲಿ ಯಾವುದೊಂದನ್ನು ಬದಲಾಯಿಸಿದರೂ ಅದರ ಲೆಕ್ಕ ತಪ್ಪುತ್ತದೆ. ಅಗ್ಗದ ಬದಲಿ ಇಂಕು ತುಂಬಿಸಿದ ಮೇಲೆ ಬಣ್ಣ ಕೆಟ್ಟಿತೆಂದು ದೂರುವವರು ಇದನ್ನು ನೆನಪಿಡತಕ್ಕದ್ದು.

ಮೊದಲು ಯಂತ್ರ, ಅನಂತರ ಸೆಟ್ಟಿಂಗ್

ತಾಳೆಪಟ್ಟಿ ಹೊಂದದಿದ್ದಾಗ ನಾವು ಮೊದಲು ಕೂಡುವಿಕೆಯನ್ನು ಪರೀಕ್ಷಿಸಿ, ಅನಂತರ ಖಾತೆಗಳಿಗೆ ಹೋಗುತ್ತೇವೆ. ಇಲ್ಲಿಯೂ ಹಾಗೆಯೇ. ಸೆಟ್ಟಿಂಗ್‌ಗಳನ್ನು ಮುಟ್ಟುವ ಮೊದಲು ಕೆಳಕಂಡ ಮೂರು ಅಂಶಗಳನ್ನು ನೋಡಬೇಕು.

1. ‘ನಾಝಲ್ ಚೆಕ್’ ಮುದ್ರಿಸಿರಿ. ಗೆರೆಗಳು ಎಲ್ಲಿಯಾದರೂ ತುಂಡಾಗಿದ್ದರೆ ಆ ಬಣ್ಣದ ಇಂಕು ಸರಿಯಾಗಿ ಬರುತ್ತಿಲ್ಲವೆಂದು ಅರ್ಥ. ಹೆಡ್ ಕ್ಲೀನಿಂಗ್ ಮಾಡಿ ಪುನಃ ಪರೀಕ್ಷಿಸಿರಿ. ಪ್ರತಿ ಕ್ಲೀನಿಂಗ್‌ಗೂ ಇಂಕು ವ್ಯಯವಾಗುವುದರಿಂದ ಎರಡು ಮೂರು ಬಾರಿಗಿಂತ ಹೆಚ್ಚು ಒಂದೇ ಸಮನೆ ಮಾಡದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡುವುದು ಲೇಸು.

2. ಫೋಟೋ ಪೇಪರಿನ ಲೇಪನವಿರುವ ಮಗ್ಗುಲಿನಲ್ಲಿಯೇ ಮುದ್ರಣವಾಗುತ್ತಿದೆಯೇ ಎಂದು ನೋಡಿರಿ. ಹಿಂಬದಿಯಲ್ಲಿ ಮುದ್ರಿಸಿದರೆ ಇಂಕು ಹರಡಿ ಬಣ್ಣ ಮಂಕಾಗುತ್ತದೆ.

3. ಮುದ್ರಣವಾದ ಕೂಡಲೇ ಬಣ್ಣದ ಬಗ್ಗೆ ತೀರ್ಮಾನಕ್ಕೆ ಬರಬೇಡಿರಿ. ಇಂಕು ಒಣಗುತ್ತಿದ್ದಂತೆ ಛಾಯೆ ಸ್ವಲ್ಪ ಬದಲಾಗುತ್ತದೆ.

ಡ್ರೈವರ್ ಯಾವುದೆಂದು ತಿಳಿಯಿರಿ

ಗಣಕಯಂತ್ರ ಮತ್ತು ಪ್ರಿಂಟರ್ ನಡುವಿನ ತಂತ್ರಾಂಶವೇ ಡ್ರೈವರ್. ಪ್ರಿಂಟರನ್ನು ಜೋಡಿಸಿದ ಕೂಡಲೇ ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರನ್ನು ಅಳವಡಿಸಿಕೊಳ್ಳುವುದುಂಟು. ಬಿಲ್ಲು, ಪತ್ರಗಳ ಮುದ್ರಣಕ್ಕೆ ಅದು ಸಾಕು. ಆದರೆ ಫೋಟೋ ಪೇಪರಿನ ಬಗೆಗಳು, ಬಣ್ಣದ ತಿದ್ದುಪಡಿ ಮೊದಲಾದ ಆಯ್ಕೆಗಳು ಅದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಒದಗಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ಕೊನೆಗೊಳಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಆದ್ದರಿಂದ ನಿಮ್ಮ ಪ್ರಿಂಟರಿನ ಮಾದರಿ ಸಂಖ್ಯೆಗೆ ಸರಿಹೊಂದುವ ಡ್ರೈವರನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆದು ಅಳವಡಿಸುವುದು ಕ್ಷೇಮ.

ಅನಂತರ ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ತೆರೆದು ‘ಮೀಡಿಯಾ ಟೈಪ್’ ಅಥವಾ ‘ಪೇಪರ್ ಟೈಪ್’ ಎಂಬಲ್ಲಿ ಯಾವ ಆಯ್ಕೆಯಿದೆಯೆಂದು ನೋಡಿರಿ. ಟ್ರೇಯಲ್ಲಿ ಗ್ಲಾಸಿ ಪೇಪರ್ ಇದ್ದು ಇಲ್ಲಿ ‘ಪ್ಲೇನ್ ಪೇಪರ್’ ಎಂದಿರುವುದು ಸರ್ವೇಸಾಮಾನ್ಯವಾದ ತಪ್ಪು. ಯಾವ ಬಣ್ಣದ ಇಂಕು ಎಷ್ಟು ಸುರಿಯಬೇಕೆಂಬುದನ್ನು ಡ್ರೈವರ್ ಈ ಆಯ್ಕೆಯಿಂದಲೇ ನಿರ್ಧರಿಸುತ್ತದೆ. ಇದು ತಪ್ಪಿದ್ದರೆ ಉಳಿದ ಯಾವ ಸೆಟ್ಟಿಂಗ್ ಸರಿಪಡಿಸಿದರೂ ಫಲವಿಲ್ಲ.

ಬಣ್ಣದ ಹೊಣೆ ಒಬ್ಬರಿಗೇ ಇರಲಿ

ಈ ಲೇಖನದ ಮುಖ್ಯಾಂಶವೇ ಇದು. ಚಿತ್ರದ ಬಣ್ಣವನ್ನು ಪ್ರಿಂಟರಿಗೆ ತಕ್ಕಂತೆ ಪರಿವರ್ತಿಸುವ ಕೆಲಸವನ್ನು ಚಿತ್ರ ತೆರೆದಿರುವ ತಂತ್ರಾಂಶ ಮಾಡಬಹುದು, ಇಲ್ಲವೇ ಪ್ರಿಂಟರಿನ ಡ್ರೈವರ್ ಮಾಡಬಹುದು. ಇಬ್ಬರೂ ಮಾಡಕೂಡದು.

ಮೊದಲನೆಯ ವಿಧಾನ: ಡ್ರೈವರಿಗೆ ಬಿಡುವುದು. ಫೋಟೋಶಾಪ್ ಬಳಸುವವರು ಮುದ್ರಣದ ಕಿಟಕಿಯಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಎಂಬುದನ್ನು ಆರಿಸಿ, ಡ್ರೈವರಿನಲ್ಲಿ ಬಣ್ಣದ ತಿದ್ದುಪಡಿಯನ್ನು ಚಾಲ್ತಿಯಲ್ಲಿಡಬೇಕು. ಬಣ್ಣದ ಆಯ್ಕೆಗಳೇ ಇಲ್ಲದ ಸರಳ ತಂತ್ರಾಂಶಗಳಿಂದ ಮುದ್ರಿಸುವವರಿಗೂ, ತಯಾರಕರದೇ ಇಂಕು ಮತ್ತು ಕಾಗದ ಬಳಸುವ ಬಹುತೇಕ ವರ್ತಕರಿಗೂ ಈ ವಿಧಾನ ಸಾಕಾಗುತ್ತದೆ.

ಎರಡನೆಯ ವಿಧಾನ: ತಂತ್ರಾಂಶಕ್ಕೆ ಬಿಡುವುದು. ಇಲ್ಲಿ ‘ಫೋಟೋಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ, ನಿಮ್ಮ ಪ್ರಿಂಟರ್ ಮತ್ತು ಕಾಗದಕ್ಕೆ ಸಂಬಂಧಿಸಿದ ಪ್ರೊಫೈಲನ್ನು ಸೂಚಿಸಬೇಕು. ಜೊತೆಗೆ ಡ್ರೈವರಿನ ತಿದ್ದುಪಡಿಯನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಎಪ್ಸನ್ ಡ್ರೈವರುಗಳಲ್ಲಿ ಇದಕ್ಕೆ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಎಂಬ ಆಯ್ಕೆಯಿದೆ. ಕ್ಯಾನನ್ ಡ್ರೈವರುಗಳಲ್ಲಿ ಬಣ್ಣದ ವಿಭಾಗದಲ್ಲಿ ‘ಮ್ಯಾನುಯಲ್’ ಆರಿಸಿ, ‘ಮ್ಯಾಚಿಂಗ್’ ಎಂಬಲ್ಲಿ ಯಾವುದೂ ಬೇಡವೆಂಬ ಅರ್ಥದ ಆಯ್ಕೆಯನ್ನು ಗುರುತು ಮಾಡಬೇಕು.

ನಮ್ಮ ವರ್ತಕರ ಅಂಗಡಿಯಲ್ಲಿ ಫೋಟೋಶಾಪ್ ಬಣ್ಣವನ್ನು ಪರಿವರ್ತಿಸಿ ಕಳುಹಿಸುತ್ತಿತ್ತು. ಡ್ರೈವರ್ ಅದನ್ನು ಮೂಲ ಚಿತ್ರವೆಂದೇ ಭಾವಿಸಿ ಮತ್ತೊಮ್ಮೆ ತಿದ್ದುತ್ತಿತ್ತು. ಕೆಂಪು ನೇರಳೆಗೆ ತಿರುಗಿದ್ದು ಹೀಗೆ.

ಲಕ್ಷಣ ನೋಡಿ ಕಾರಣ ತಿಳಿಯುವುದು

ಇಡೀ ಮುದ್ರಣಕ್ಕೆ ಮೆಜೆಂಟಾ ಛಾಯೆ ಬಂದು ಬಣ್ಣಗಳು ಗಾಢವಾಗಿದ್ದರೆ: ತಿದ್ದುಪಡಿ ಎರಡು ಬಾರಿ ಆಗುತ್ತಿದೆಯೇ ಎಂದು ಮೊದಲು ನೋಡಬೇಕು.

ಬಣ್ಣ ಸರಿಯಿದ್ದು ಚಿತ್ರ ಮಾತ್ರ ಕಪ್ಪಾಗಿದ್ದರೆ: ದೋಷ ಬಹುಶಃ ಪರದೆಯದು. ಅಂಗಡಿಗಳಲ್ಲಿ ಪರದೆಯ ಪ್ರಖರತೆಯನ್ನು ಪೂರ್ಣವಾಗಿ ಏರಿಸಿಡುವುದುಂಟು. ಅದರಲ್ಲಿ ಬೆಳ್ಳಗೆ ಕಂಡ ಚಿತ್ರ ಕಾಗದದ ಮೇಲೆ ಕಪ್ಪಾಗಿ ಬರುವುದು ಸಹಜ. ಪರದೆಯ ಪಕ್ಕದಲ್ಲಿ ಬಿಳಿಯ ಕಾಗದವನ್ನು ಹಿಡಿದು, ಎರಡೂ ಸುಮಾರಾಗಿ ಒಂದೇ ಹೊಳಪಿನಲ್ಲಿ ಕಾಣುವಂತೆ ಪ್ರಖರತೆಯನ್ನು ಇಳಿಸಿರಿ.

ಬಣ್ಣಗಳು ನಿಸ್ತೇಜವಾಗಿದ್ದರೆ: ಕ್ಯಾಮೆರಾದಲ್ಲಿ ‘ಅಡೋಬಿ ಆರ್‌ಜಿಬಿ’ ಆಯ್ಕೆಯಾಗಿದ್ದು, ಮುದ್ರಿಸುವ ತಂತ್ರಾಂಶ ಅದನ್ನು ಎಸ್‌ಆರ್‌ಜಿಬಿ ಎಂದೇ ಓದುತ್ತಿರಬಹುದು. ಕ್ಯಾಮೆರಾವನ್ನು ಎಸ್‌ಆರ್‌ಜಿಬಿಗೆ ಬದಲಾಯಿಸಿಕೊಳ್ಳುವುದೇ ಸುಲಭೋಪಾಯ. ಕಾಗದದ ಬಗೆ ತಪ್ಪಿದ್ದರೂ ಇದೇ ಲಕ್ಷಣ ಕಾಣಬಹುದು.

ಒಂದೇ ಅಂತರದಲ್ಲಿ ಅಡ್ಡಗೆರೆಗಳು ಬಂದರೆ: ಅದು ಬಣ್ಣ ನಿರ್ವಹಣೆಯ ದೋಷವಲ್ಲ. ನಾಝಲ್ ಪರೀಕ್ಷೆ ಮತ್ತು ಹೆಡ್ ಅಲೈನ್‌ಮೆಂಟ್ ಮಾಡಬೇಕು.

ಅಂಗಡಿಯ ದೀಪದಡಿ ಒಂದು ಬಣ್ಣ, ಹೊರಗೆ ಇನ್ನೊಂದು ಬಣ್ಣ ಕಂಡರೆ: ಅದು ಬೆಳಕಿನ ಗುಣ. ಸೀರೆ ಕೊಳ್ಳುವ ಹೆಣ್ಣುಮಕ್ಕಳು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡುವುದು ಈ ಕಾರಣದಿಂದಲೇ. ಮುದ್ರಿತ ಚಿತ್ರವನ್ನೂ ಸೀರೆಯನ್ನೂ ಹಗಲು ಬೆಳಕಿನಲ್ಲಿ ಒಟ್ಟಿಗೆ ಇಟ್ಟು ಹೋಲಿಸಬೇಕು.

ಪರೀಕ್ಷೆ ನಡೆಸುವಾಗ ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಾಯಿಸಿರಿ. ಪೂರ್ಣ ಹಾಳೆಯ ಬದಲು ಚಿಕ್ಕ ಅಳತೆಯಲ್ಲಿ ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕ, ಕಾಗದ, ಆರಿಸಿದ ಆಯ್ಕೆಗಳನ್ನು ಬರೆದಿಡಿರಿ. ಸರಿಯಾದ ಫಲಿತಾಂಶ ಬಂದಾಗ ಆ ಆಯ್ಕೆಗಳನ್ನು ಡ್ರೈವರಿನಲ್ಲಿ ಒಂದು ಹೆಸರಿಟ್ಟು ಉಳಿಸಿಕೊಂಡರೆ, ನೌಕರರು ಬದಲಾದರೂ ಕೆಲಸ ಕೆಡದು.

ವೆಚ್ಚದ ಲೆಕ್ಕ

ಒಂದು ಕಲ್ಪಿತ ಉದಾಹರಣೆ ನೋಡೋಣ. ಎ4 ಅಳತೆಯ ಒಂದು ಹಾಳೆಗೆ ಕಾಗದ ಮತ್ತು ಇಂಕು ಸೇರಿ ರೂ. 20 ಎಂದು ಇಟ್ಟುಕೊಳ್ಳೋಣ. 30 ಪುಟಗಳ ಆಲ್ಬಂನಲ್ಲಿ ಪ್ರತಿ ಪುಟಕ್ಕೆ 3 ಹಾಳೆ ವ್ಯರ್ಥವಾದರೆ 90 ಹಾಳೆ, ಅಂದರೆ ರೂ. 1,800 ನಷ್ಟ. ವರ್ಷಕ್ಕೆ 6 ಆಲ್ಬಂಗಳಾದರೆ ರೂ. 10,800. ಇದರ ಮೇಲೆ ರೂ. 1,50,000 ಮೌಲ್ಯದ ಮಾಲು ಒಮ್ಮೆ ಹಿಂತಿರುಗಿ ಬಂದು, ಹೋಗಿ ಬರುವ ಸಾಗಾಣಿಕೆಗೆ ರೂ. 4,000 ತಗಲಿತೆನ್ನೋಣ. ಹಣ 2 ತಿಂಗಳು ಸಿಲುಕಿಕೊಂಡರೆ ಶೇ. 12ರ ದರದಲ್ಲಿ ಬಡ್ಡಿ ರೂ. 3,000. ಒಟ್ಟು ರೂ. 17,800. ಖರೀದಿದಾರನ ವಿಶ್ವಾಸ ಕಳೆದುಕೊಂಡದ್ದಕ್ಕೆ ಯಾವ ಖಾತೆಯೂ ಇಲ್ಲ.

ಕಾನೂನಿನ ದೃಷ್ಟಿ

ಸರಕುಗಳ ಮಾರಾಟ ಅಧಿನಿಯಮ, 1930ರ 15ನೆಯ ಪ್ರಕರಣದ ಮೇರೆಗೆ, ವಿವರಣೆಯ ಆಧಾರದಲ್ಲಿ ಮಾರಿದ ಸರಕು ಆ ವಿವರಣೆಗೆ ಹೊಂದಬೇಕೆಂಬುದು ಕರಾರಿನ ಗರ್ಭಿತ ಷರತ್ತು. 17ನೆಯ ಪ್ರಕರಣದಂತೆ, ಮಾದರಿಯ ಮೇಲೆ ಮಾರಿದಾಗ ಇಡೀ ಮಾಲು ಗುಣದಲ್ಲಿ ಮಾದರಿಗೆ ಸಮನಾಗಿರಬೇಕು. ಮುದ್ರಿತ ಚಿತ್ರವು ವಿವರಣೆಯ ಭಾಗವಾಗುತ್ತದೆಯೇ ಎಂಬುದು ಆಯಾ ಕರಾರನ್ನು ಅವಲಂಬಿಸಿದ್ದರೂ, ಚಿತ್ರವೊಂದನ್ನೇ ತೋರಿಸಿ ಬೇಡಿಕೆ ಪಡೆದ ವರ್ತಕ, ಬಣ್ಣ ಬೇರೆಯಾದಾಗ ವಾದಿಸುವುದು ಕಷ್ಟ. ಆದ್ದರಿಂದ ಆಲ್ಬಂನ ಪ್ರತಿ ಪುಟಕ್ಕೂ ಬಣ್ಣದ ಹೆಸರು ಮತ್ತು ಸಂಖ್ಯೆಯನ್ನು ಬರೆದು, ಸಾಧ್ಯವಿದ್ದಲ್ಲಿ ಅದೇ ಬಣ್ಣದ ನೂಲನ್ನೋ ಬಟ್ಟೆಯ ತುಂಡನ್ನೋ ಅಂಟಿಸಿರಿ. ಬಣ್ಣಕ್ಕೆ ಆ ತುಂಡೇ ಪ್ರಮಾಣ, ಚಿತ್ರವಲ್ಲ ಎಂದು ಕರಾರಿನಲ್ಲಿ ಸ್ಪಷ್ಟವಾಗಿ ನಮೂದಿಸಿರಿ.

ಮಾಲು ಹಿಂತಿರುಗಿದಾಗ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 34ನೆಯ ಪ್ರಕರಣದಂತೆ ಕ್ರೆಡಿಟ್ ನೋಟ್ ನೀಡಬಹುದು. ಆದರೆ ಅದನ್ನು ಮಾರಾಟವಾದ ಆರ್ಥಿಕ ವರ್ಷದ ಅಂತ್ಯದ ನಂತರದ ನವೆಂಬರ್ 30, ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನಾಂಕ, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ರಿಟರ್ನಿನಲ್ಲಿ ತೋರಿಸದಿದ್ದರೆ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳುವ ಹಕ್ಕು ತಪ್ಪಿಹೋಗುತ್ತದೆ.

ನಮ್ಮ ವರ್ತಕರು ಹೊಸ ಪ್ರಿಂಟರ್ ಕೊಳ್ಳಲಿಲ್ಲ. ಡ್ರೈವರಿನ ತಿದ್ದುಪಡಿಯನ್ನು ನಿಲ್ಲಿಸಿ, ಕಾಗದದ ಬಗೆಯನ್ನು ಸರಿಪಡಿಸಿ, ಸರಿಯಾದ ಆಯ್ಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸಿದರು. ದಾಳಿಂಬೆ ಕೆಂಪು ಈಗಲೂ ಸೀರೆಯಲ್ಲಿದ್ದಷ್ಟು ಕಳೆಯಾಗಿ ಕಾಗದದ ಮೇಲೆ ಬರುವುದಿಲ್ಲ. ಆದರೆ ಅದು ದಾಳಿಂಬೆ ಕೆಂಪೇ ಎಂದು ನೋಡಿದವರಿಗೆ ತಿಳಿಯುತ್ತದೆ. ಆಲ್ಬಂನ ಪ್ರತಿ ಪುಟದ ಮೂಲೆಯಲ್ಲಿ ಆಯಾ ಸೀರೆಯ ನೂಲಿನ ಒಂದು ಎಳೆಯೂ ಈಗ ಇರುತ್ತದೆ.